ವೇಷ ಬದಲಿಸಿದ ಹುಡುಗಿ

ಫೆಬ್ರವರಿಯ ನಡುವಿನ ದಿನಗಳಲ್ಲಿ ಸೂರಗೊಂಡನಕೊಪ್ಪದ ಹಾದಿಗಳು ಜನರಿಂದ ತುಂಬಿಹೋಗುತ್ತವೆ. ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದ ಈ ಪುಟ್ಟ ಊರು ಲಂಬಾಣಿಗರ ಬಾಯಲ್ಲಿ ಭಾಯಾಗಡ. ಅವರ ಕುಲಗುರು ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಜನಿಸಿದ್ದು ಇಲ್ಲಿಯೇ ಎಂಬುದು ಆ ಜನರ ಶ್ರದ್ಧೆ. ಜಯಂತಿಯ ಜಾತ್ರೆಗೆ ಕರ್ನಾಟಕದ ತಾಂಡಾಗಳಿಂದ ಮಾತ್ರವಲ್ಲದೆ ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಿಂದಲೂ ಭಕ್ತರು ಬರುತ್ತಾರೆ. ಸೇವಾಲಾಲರ ಗುಡಿಯ ಮುಂದೆ, ಮರಿಯಮ್ಮನ ಗುಡಿಯ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ.

ಆ ಸಾಲಿನಲ್ಲಿ ಒಂದಿಷ್ಟು ಹೊತ್ತು ಕಣ್ಣಾಡಿಸಿದರೆ ಮೂರು ತಲೆಮಾರು ಒಟ್ಟಿಗೆ ನಿಂತಿರುವ ಕುಟುಂಬಗಳು ಕಾಣಸಿಗುತ್ತವೆ. ಕನ್ನಡಿಯ ಚೂರು, ಕವಡೆ, ನಾಣ್ಯಗಳನ್ನು ಕೂರಿಸಿ ಹೊಲಿದ ಫೇಟಿಯಾ, ಕಾಂಚಳಿಗಳಲ್ಲಿ ಅಜ್ಜಿ; ನೂಲಿನ ಸೀರೆಯಲ್ಲಿ ಮಗಳು; ಪೇಟೆಯಿಂದ ತಂದ ಚೂಡಿದಾರದಲ್ಲಿ ಮೊಮ್ಮಗಳು. ಮೂವರ ಮುಖದಲ್ಲಿಯೂ ಒಂದೇ ಹೋಲಿಕೆ, ಉಡುಪಿನಲ್ಲಿ ಮಾತ್ರ ಮೂರು ಕಾಲಗಳ ಅಂತರ.

ಆದರೆ ಎಲ್ಲಿಯಾದರೂ ಒಂದು ವೇದಿಕೆ ಎದ್ದು ದೀಪಗಳು ಹೊತ್ತಿಕೊಂಡವೆಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಮೊಮ್ಮಗಳು ಅಜ್ಜಿಯ ಉಡುಪಿನಲ್ಲಿ ರಂಗಕ್ಕೆ ಬರುತ್ತಾಳೆ. ಕುಣಿತ ಮುಗಿಯುವವರೆಗೆ ಅವಳ ಮೈಮೇಲಿನ ಕನ್ನಡಿಗಳೆಲ್ಲ ಬೆಳಗುತ್ತವೆ. ಚಪ್ಪಾಳೆ ನಿಂತ ಮೇಲೆ ಪರದೆಯ ಹಿಂದೆ ಹೋಗಿ ಅದನ್ನು ಮಡಚಿಟ್ಟು ತನ್ನ ನಿತ್ಯದ ಉಡುಪಿಗೆ ಮರಳುತ್ತಾಳೆ.

ಯಾವುದು ಅವಳ ವೇಷ, ಯಾವುದು ಅವಳ ಉಡುಪು? ಯಾರ ಕಣ್ಣಿಗೆ ಚೆಂದ ಕಾಣಲೆಂದು ಹರೆಯದ ಹುಡುಗಿಯೊಬ್ಬಳು ಒಂದನ್ನು ಕಳಚಿ ಮತ್ತೊಂದನ್ನು ತೊಡುತ್ತಾಳೆ? ಸಾವಿರಾರು ಮೈಲಿ ದೂರದ ಅಮೆರಿಕದಲ್ಲಿ ಹುಟ್ಟಿ, ಜಗತ್ತಿನ ನೂರಾರು ರಂಗಮಂದಿರಗಳನ್ನು ಸುತ್ತಿದ ಒಂದು ಸಂಗೀತನಾಟಕ ಇದೇ ಪ್ರಶ್ನೆಯ ಮೇಲೆ ಮುಕ್ತಾಯವಾಗುತ್ತದೆ. ಅದರ ಹೆಸರು ‘ಗ್ರೀಸ್’.

ಟ್ರಾಮಿನ ಕೊಟ್ಟಿಗೆಯಲ್ಲಿ ಹುಟ್ಟಿದ ನಾಟಕ

ಗ್ರೀಸ್ ಎಂದರೆ ಇಲ್ಲಿ ಯವನ ದೇಶವಲ್ಲ. ಮೋಟಾರು ದುರಸ್ತಿಯ ಅಂಗಡಿಯಲ್ಲಿ ಹುಡುಗರ ಕೈಗೆ ಮೆತ್ತಿಕೊಂಡಿರುವ ಜಿಡ್ಡು. 1950ರ ದಶಕದ ಅಮೆರಿಕದಲ್ಲಿ ಕಾರ್ಖಾನೆಯ ಕೆಲಸಗಾರರ ಮಕ್ಕಳು ತಲೆಗೂದಲಿಗೆ ದಪ್ಪನಾಗಿ ಎಣ್ಣೆ ಬಳಿದು ಮೇಲಕ್ಕೆ ಬಾಚುತ್ತಿದ್ದರು. ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸುತ್ತ ಕೈ ಕರಿ ಮಾಡಿಕೊಳ್ಳುತ್ತಿದ್ದರು. ಮರ್ಯಾದಸ್ಥರು ಅವರನ್ನು ‘ಗ್ರೀಸರ್’ಗಳೆಂದು ಹೀಯಾಳಿಸಿದರು. ಹುಡುಗರು ಆ ಬೈಗುಳನ್ನೇ ಬಿರುದಿನಂತೆ ಹೊತ್ತು ತಿರುಗಿದರು.

ಅಂಥ ಹುಡುಗರ ನಡುವೆ ಬೆಳೆದವರು ಜಿಮ್ ಜೇಕಬ್ಸ್. ಅವರು ಓದಿದ್ದು ಷಿಕಾಗೋ ನಗರದ ಟ್ಯಾಫ್ಟ್ ಪ್ರೌಢಶಾಲೆಯಲ್ಲಿ. ಹವ್ಯಾಸಿ ನಾಟಕ ತಂಡವೊಂದರಲ್ಲಿ ಅವರಿಗೆ ವಾರನ್ ಕೇಸಿ ಎಂಬ ಗೆಳೆಯ ದೊರಕಿದರು. ಇಬ್ಬರೂ ಸೇರಿ ಕಥೆ, ಮಾತು, ಹಾಡು, ರಾಗ ಎಲ್ಲವನ್ನೂ ತಾವೇ ಕಟ್ಟಿದರು. 1971ರ ಫೆಬ್ರವರಿಯಲ್ಲಿ ಷಿಕಾಗೋದ ‘ಕಿಂಗ್ಸ್‌ಟನ್ ಮೈನ್ಸ್’ ಎಂಬ ರಂಗಮಂದಿರದಲ್ಲಿ ನಾಟಕ ಮೊದಲ ಬಾರಿಗೆ ಪ್ರಯೋಗವಾಯಿತು. ರಂಗಮಂದಿರವೆಂದು ಹೆಸರು, ನಿಜವಾಗಿ ಅದು ಹಿಂದೆ ಟ್ರಾಮು ಗಾಡಿಗಳನ್ನು ನಿಲ್ಲಿಸುತ್ತಿದ್ದ ಕೊಟ್ಟಿಗೆ.

ಆಗ ಅಮೆರಿಕದ ತರುಣರ ಮನಸ್ಸು ವಿಯೆಟ್ನಾಮ್ ಯುದ್ಧದ ಚಿಂತೆಯಲ್ಲಿ ಮುಳುಗಿತ್ತು. ಎಣ್ಣೆಗೂದಲಿನ ಕಾಲ ಹೋಗಿ ಕೆದರಿದ ನೀಳಗೂದಲಿನ ಕಾಲ ಬಂದಿತ್ತು. ಹತ್ತು ಹನ್ನೆರಡು ವರ್ಷಗಳ ಹಿಂದಿನದೇ ಆದರೂ 1959 ಎಂಬ ವರ್ಷ ಯಾವುದೋ ಹಳೆಯ ಯುಗದಂತೆ ತೋರುತ್ತಿತ್ತು. ಆ ವರ್ಷದ ಶಾಲೆಯೊಂದರ ಕಥೆ ಈ ನಾಟಕ. ಶಾಲೆಗೆ ಇಟ್ಟ ಹೆಸರು ರೈಡೆಲ್. ಆ ದಿನಗಳ ಗಾಯಕ ಬಾಬಿ ರೈಡೆಲ್‌ನಿಂದ ಎರವಲು ಪಡೆದದ್ದು.

ಷಿಕಾಗೋದಲ್ಲಿ ನೋಡಿ ಮೆಚ್ಚಿದ ಕೆನ್ ವೈಸ್‌ಮನ್ ಮತ್ತು ಮ್ಯಾಕ್ಸಿನ್ ಫಾಕ್ಸ್ ಎಂಬ ನಿರ್ಮಾಪಕರು ನಾಟಕವನ್ನು ನ್ಯೂಯಾರ್ಕಿಗೆ ಒಯ್ದರು. 1972ರ ಫೆಬ್ರವರಿ 14ರಂದು ಅಲ್ಲಿ ಪರದೆ ಮೇಲೆದ್ದಿತು. ಟಾಮ್ ಮೂರ್ ಅವರ ನಿರ್ದೇಶನ, ಪೆಟ್ರೀಷಿಯ ಬರ್ಚ್ ಅವರ ನೃತ್ಯ ಸಂಯೋಜನೆ. ಆ ವರ್ಷದ ಟೋನಿ ಪ್ರಶಸ್ತಿಗಳಿಗೆ ಏಳು ವಿಭಾಗಗಳಲ್ಲಿ ನಾಟಕದ ಹೆಸರು ಸೂಚಿತವಾಯಿತು, ಒಂದೂ ಬರಲಿಲ್ಲ. ಪ್ರೇಕ್ಷಕರು ಮಾತ್ರ ಬರುತ್ತಲೇ ಇದ್ದರು. 1980ರ ಏಪ್ರಿಲ್ 13ರಂದು ಕೊನೆಯ ಪ್ರಯೋಗ ಮುಗಿದಾಗ ಲೆಕ್ಕ 3,388ಕ್ಕೆ ಮುಟ್ಟಿತ್ತು. ಬ್ರಾಡ್‌ವೇ ರಂಗಭೂಮಿಯಲ್ಲಿ ಅದುವರೆಗೆ ಅಷ್ಟು ದೀರ್ಘಕಾಲ ನಡೆದ ನಾಟಕ ಬೇರೊಂದಿರಲಿಲ್ಲ.

ಎರಡು ಮೇಳ, ಒಂದು ಕಥೆ

ಕಥೆ ಸರಳವಾದದ್ದು. ಬೇಸಿಗೆಯ ರಜೆಯಲ್ಲಿ ಕೆರೆದಂಡೆಯ ವಿಹಾರಕ್ಕೆ ಹೋದ ಡ್ಯಾನಿ ಎಂಬ ಹುಡುಗನೂ ಸ್ಯಾಂಡಿ ಎಂಬ ಹುಡುಗಿಯೂ ಪರಸ್ಪರ ಮೆಚ್ಚಿಕೊಳ್ಳುತ್ತಾರೆ. ರಜೆ ಮುಗಿಯಿತು, ಇನ್ನು ಭೇಟಿಯಿಲ್ಲವೆಂದು ಇಬ್ಬರೂ ಮರುಗಿ ಬೀಳ್ಕೊಂಡಿದ್ದಾರೆ. ಸ್ಯಾಂಡಿ ಸೇರಬೇಕಾಗಿದ್ದುದು ಕ್ರೈಸ್ತ ಸಂನ್ಯಾಸಿನಿಯರು ನಡೆಸುವ ಶಾಲೆಗೆ. ಹೊಳೆಯುವ ಚರ್ಮದ ಪಾದರಕ್ಷೆಯ ವಿಷಯವಾಗಿ ಅಲ್ಲಿನ ಹಿರಿಯ ಸಂನ್ಯಾಸಿನಿಯೊಡನೆ ಮನಸ್ತಾಪವಾಗಿ ಅವಳು ರೈಡೆಲ್ ಶಾಲೆಗೆ ಬರುತ್ತಾಳೆ. ಅದು ಡ್ಯಾನಿಯ ಶಾಲೆ. ಹೀಗೆ ಉಡುಗೆ ತೊಡುಗೆಯ ಸಣ್ಣದೊಂದು ಜಗಳದಿಂದಲೇ ಕಥೆಯ ಗಂಟು ಬೀಳುತ್ತದೆ.

ಕೆರೆದಂಡೆಯಲ್ಲಿ ಮೃದುವಾಗಿ ಮಾತನಾಡಿದ್ದ ಹುಡುಗ ಗೆಳೆಯರ ಗುಂಪಿನ ನಡುವೆ ಬೇರೆಯೇ ಮನುಷ್ಯ. ಚರ್ಮದ ಜಾಕೀಟು, ಬಾಯಲ್ಲಿ ಉಡಾಫೆ. ಗೆಳೆಯರ ಮುಂದೆ ಮನಸ್ಸಿನ ಮಾತು ತೋರಿದರೆ ತಾನು ಹಗುರವಾಗುವೆನೆಂಬ ಅಂಜಿಕೆ. ಸ್ಯಾಂಡಿಯಾದರೋ ಅಚ್ಚುಕಟ್ಟಾದ ಉಡುಪಿನ, ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದ ಹುಡುಗಿ. ಶಾಲೆಯ ‘ಪಿಂಕ್ ಲೇಡೀಸ್’ ಎಂಬ ಹುಡುಗಿಯರ ಗುಂಪು ಅವಳನ್ನು ಹತ್ತಿರಕ್ಕೆ ಕರೆಯುತ್ತದೆ. ಬೆನ್ನ ಹಿಂದೆ ನಗುತ್ತದೆ.

ಮೊದಲ ಅಂಕದಲ್ಲಿ ಬರುವ ಒಂದು ಹಾಡು ಈ ನಾಟಕದ ತಿರುಳನ್ನೆಲ್ಲ ಹಿಡಿದಿಟ್ಟಿದೆ. ರಂಗದ ಒಂದು ಪಕ್ಕದಲ್ಲಿ ಹುಡುಗರು ಡ್ಯಾನಿಯನ್ನು ಮುತ್ತಿಕೊಂಡು ರಜೆಯಲ್ಲಿ ಏನಾಯಿತೆಂದು ಕೇಳುತ್ತಾರೆ. ಇನ್ನೊಂದು ಪಕ್ಕದಲ್ಲಿ ಹುಡುಗಿಯರು ಸ್ಯಾಂಡಿಯನ್ನು ಕೇಳುತ್ತಾರೆ. ಅವನು ಬಡಾಯಿ ಕೊಚ್ಚುತ್ತಾನೆ, ಅವಳು ನಾಚಿ ನೆನೆಯುತ್ತಾಳೆ. ನಡೆದದ್ದು ಒಂದೇ, ಹೇಳಿದ್ದು ಎರಡು. ಎರಡು ಮೇಳಗಳೂ ಕೆಣಕಿ ಕೆಣಕಿ ಮತ್ತಷ್ಟು ಹೇಳಿಸುತ್ತವೆ. ಕೊನೆಯಲ್ಲಿ ಇಬ್ಬರ ದನಿಗಳೂ ಇಳಿದು ಒಂದೇ ಸ್ವರದಲ್ಲಿ ಸೇರಿದಾಗ, ಮೇಳಗಳಿಗೆ ಕೇಳದ ನಿಜವನ್ನು ಪ್ರೇಕ್ಷಕರು ಕೇಳಿಸಿಕೊಳ್ಳುತ್ತಾರೆ. ಹರೆಯದಲ್ಲಿ ಯಾರೂ ಒಂಟಿಯಾಗಿ ಪ್ರೀತಿಸಲಾರರು. ಸುತ್ತ ಒಂದು ಗುಂಪು ಇದ್ದೇ ಇರುತ್ತದೆ. ಆ ಗುಂಪಿನ ನಗೆಗೆ ಅಂಜಿ ಎಷ್ಟೋ ಮಾತುಗಳು ಗಂಟಲಲ್ಲೇ ಉಳಿದುಹೋಗುತ್ತವೆ. ಮಾತಿಗೆ ಎಟುಕದ್ದನ್ನು ಹಾಡು ಹೇಳಿಬಿಡುತ್ತದೆ.

ಈ ಹಾಡುಗಳ ಧಾಟಿ ರಾಕ್ ಅಂಡ್ ರೋಲ್. 1950ರ ದಶಕದ ನಡುವಿನಲ್ಲಿ ಅಮೆರಿಕದ ತರುಣರನ್ನು ಹುಚ್ಚೆಬ್ಬಿಸಿದ ಈ ಸಂಗೀತದ ಬೇರು ಕರಿಯ ಜನರ ಹಾಡುಗಾರಿಕೆಯಲ್ಲಿತ್ತು. ಚಕ್ ಬೆರಿ, ಲಿಟಲ್ ರಿಚರ್ಡ್ ಮೊದಲಾದ ಕರಿಯ ಗಾಯಕರು ಅದನ್ನು ಕಟ್ಟಿದವರಲ್ಲಿ ಮುಂದಾಳುಗಳು. ಎಲ್ವಿಸ್ ಪ್ರೆಸ್ಲಿಯ ಕಂಠದಲ್ಲಿ ಅದು ಬಿಳಿಯರ ಮನೆಮನೆಗೂ ನುಗ್ಗಿತು. ಅದರ ಅಲೆ ಭಾರತಕ್ಕೂ ಬಡಿಯದೆ ಇರಲಿಲ್ಲ. 1957ರ ‘ಆಶಾ’ ಹಿಂದಿ ಚಿತ್ರದಲ್ಲಿ ಸಿ. ರಾಮಚಂದ್ರ ಅವರು ಕೂಡಿಸಿದ ಕುಣಿತದ ರಾಗವನ್ನು ರೇಡಿಯೋ ಸಿಲೋನಿನ ಕಾಲದ ಶ್ರೋತೃಗಳು ಮರೆತಿರಲಾರರು. ಆದರೆ ರೈಡೆಲ್ ಶಾಲೆಯ ಕಥೆಯಲ್ಲಿ ಮುಖ್ಯ ಪಾತ್ರಗಳೆಲ್ಲ ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ವಲಸೆ ಬಂದ ಬಿಳಿಯರ ಮಕ್ಕಳು. ಹಾಡನ್ನು ಹುಟ್ಟಿಸಿದ ಜನಕ್ಕೆ ಆ ಶಾಲೆಯ ಅಂಗಳದಲ್ಲಿ ಜಾಗವಿರಲಿಲ್ಲ. ಒಬ್ಬರ ಸೊತ್ತು ಇನ್ನೊಬ್ಬರ ಸೊಗಸಾಗುವ ಈ ಬಗೆ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ.

ಗೋಧಿಯ ಸಸಿ, ಬೋರೆಯ ಮುಳ್ಳು

ಎರಡು ಮೇಳಗಳು ಎದುರುಬದುರು ನಿಂತು ಹರೆಯದ ಮಾತನ್ನು ಹಾಡಿನಲ್ಲಿ ಆಡುವ ಪದ್ಧತಿಯನ್ನು ನೋಡಲು ಷಿಕಾಗೋದವರೆಗೆ ಹೋಗಬೇಕಾಗಿಲ್ಲ. ಲಂಬಾಣಿ ತಾಂಡಾಗಳಲ್ಲಿ ಅದು ತಲೆತಲಾಂತರದಿಂದ ನಡೆದುಬಂದಿದೆ. ಟಿಕೇಟು, ಪರದೆಗಳಿಲ್ಲದ ಆ ನಾಟಕದ ಹೆಸರು ತೀಜ್.

ಶ್ರಾವಣ ಮಾಸದಲ್ಲಿ ತಾಂಡಾದ ಮದುವೆಯಾಗದ ಹುಡುಗಿಯರೆಲ್ಲ ಗುಂಪುಗೂಡಿ ನಾಯಕನ ಬಳಿಗೆ ಹೋಗಿ ತೀಜ್ ಆಚರಿಸಲು ಅಪ್ಪಣೆ ಬೇಡುತ್ತಾರೆ. ಅಪ್ಪಣೆ ದೊರೆತ ಮೇಲೆ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಮುಂದಿನ ಒಂಬತ್ತು ಹತ್ತು ದಿನ ಬುಟ್ಟಿಗಳಿಗೆ ನೀರೆರೆಯುವುದೇ ಅವರ ಕೆಲಸ. ಬಾವಿಯಿಂದ ನೀರು ತರುವಾಗ ಹಾಡು, ಎರೆಯುವಾಗ ಹಾಡು, ರಾತ್ರಿ ಸುತ್ತುಗಟ್ಟಿ ಕುಣಿಯುವಾಗ ಹಾಡು. ಸಸಿ ಸೊಂಪಾಗಿ ಬೆಳೆದರೆ ಬಾಳೂ ಸೊಂಪಾದೀತೆಂಬುದು ನಂಬಿಕೆ.

ಹುಡುಗರು ಸುಮ್ಮನಿರುವುದಿಲ್ಲ. ಹುಡುಗಿಯರು ನೆನೆಸಿದ ಕಡಲೆಕಾಳುಗಳನ್ನು ಬೋರೆಯ ಗಿಡದ ಮುಳ್ಳುಗಳಿಗೆ ಚುಚ್ಚಿ ಸಿಕ್ಕಿಸುವ ಆಚರಣೆಯೊಂದಿದೆ. ಆ ಹೊತ್ತಿಗೆ ಹುಡುಗರು ಕೊಂಬೆ ಹಿಡಿದು ಅಲುಗಾಡಿಸುತ್ತಾರೆ. ಕಾಳು ಜಾರಬೇಕು, ಮುಳ್ಳು ಬೆರಳಿಗೆ ತಾಗಬೇಕು ಎಂಬುದು ಅವರ ಹುನ್ನಾರ. ನೋವಾದರೂ ಹುಡುಗಿಯರು ಸೋಲೊಪ್ಪುವುದಿಲ್ಲ. ಹಾಡಿನಲ್ಲಿಯೇ ಛೇಡಿಸಿ ಉತ್ತರ ಕೊಡುತ್ತಾರೆ. ಹೋಳಿಯಲ್ಲಿ ‘ಲೇಂಗಿ’ ಎಂಬ ಹಾಡುಗಳು ಎದ್ದಾಗ ಗಂಡಸರ ಗುಂಪಿಗೂ ಹೆಂಗಸರ ಗುಂಪಿಗೂ ಇಂಥದೇ ಪೈಪೋಟಿ ನಡೆಯುತ್ತದೆ. ಹೆಂಗಸರು ಕಾವಲಿರುವ ಸಿಹಿಯ ಪಾತ್ರೆಯನ್ನು ಗಂಡಸರು ಅಪಹರಿಸಬೇಕು. ಕೋಲು ಹಿಡಿದ ಹೆಂಗಸರು ಅವರನ್ನು ಅಟ್ಟಬೇಕು. ವರ್ಷದ ಉಳಿದ ದಿನಗಳಲ್ಲಿ ತಲೆಯೆತ್ತಿ ನೋಡಲೂ ಸಂಕೋಚಪಡುವವರಿಗೆ ಅಂದು ಹಾಡಿನ ಮರೆಯಲ್ಲಿ ಎಲ್ಲವನ್ನೂ ಹೇಳಲು ಹಿರಿಯರ ಒಪ್ಪಿಗೆ.

ತೀಜ್ ಮುಗಿಯುವುದು ಗೋಕುಲಾಷ್ಟಮಿಯ ಸುಮಾರಿಗೆ. ಬೆಳೆದ ಸಸಿಗಳನ್ನು ಕಿತ್ತು ಹುಡುಗಿಯರು ಹಿರಿಯರ, ಅಣ್ಣತಮ್ಮಂದಿರ ರುಮಾಲಿನಲ್ಲಿ ಸಿಕ್ಕಿಸುತ್ತಾರೆ. ಉಳಿದುದನ್ನು ಹರಿಯುವ ನೀರಿಗೆ ಬಿಡುತ್ತಾರೆ. ಅದುವರೆಗೆ ನಕ್ಕು ಕುಣಿದವರು ಆಗ ಒಬ್ಬರನ್ನೊಬ್ಬರು ತಬ್ಬಿ ಅಳುತ್ತಾರೆ. ಮುಂದಿನ ಶ್ರಾವಣದ ಹೊತ್ತಿಗೆ ಈ ಗುಂಪಿನಲ್ಲಿ ಯಾರಿರುತ್ತಾರೋ, ಯಾರು ಮದುವೆಯಾಗಿ ಪರತಾಂಡಾ ಸೇರಿರುತ್ತಾರೋ! ರೈಡೆಲ್ ಶಾಲೆಯ ಕೊನೆಯ ವರ್ಷದ ಮಕ್ಕಳ ಕುಣಿತದ ಅಡಿಯಲ್ಲಿಯೂ ಇದೇ ಅಗಲಿಕೆಯ ಅಳುಕು ಹರಿಯುತ್ತದೆ. ನಾಟಕ ಆರಂಭವಾಗುವುದೇ 1959ರ ಆ ತರಗತಿಯವರು ವರ್ಷಗಳ ಮೇಲೆ ಮತ್ತೆ ಸೇರುವ ಕೂಟದಿಂದ.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ತೀಜಿನ ಹುಡುಗಿ ತನ್ನ ಗುಂಪಿಗೆ ಸೇರಲು ಏನನ್ನೂ ಬದಲಿಸಿಕೊಳ್ಳಬೇಕಾಗಿಲ್ಲ. ಅವಳು ಹುಟ್ಟಿನಿಂದಲೇ ಆ ಮೇಳದವಳು. ಸ್ಯಾಂಡಿ ಹೊರಗಿನಿಂದ ಬಂದವಳು. ಅವಳು ಒಳಗೆ ಬರಲು ಬೆಲೆ ತೆರಬೇಕು.

ಕಪ್ಪು ಚರ್ಮದ ಉಡುಪು

ಆ ಬೆಲೆ ಏನೆಂಬುದು ಕೊನೆಯ ದೃಶ್ಯದಲ್ಲಿ ತಿಳಿಯುತ್ತದೆ. ತಪ್ಪು ತಿಳಿವಳಿಕೆ, ಮುನಿಸು, ಕಣ್ಣೀರುಗಳೆಲ್ಲ ಆದ ಮೇಲೆ ಸ್ಯಾಂಡಿ ಒಂದು ದಿನ ಗುರುತೇ ಸಿಗದಂತೆ ಬಂದು ನಿಲ್ಲುತ್ತಾಳೆ. ಮೈಗೆ ಅಂಟಿದ ಕಪ್ಪು ಉಡುಪು, ಕೆದರಿದ ಕೂದಲು, ಬಾಯಲ್ಲಿ ಸಿಗರೇಟು. ಗುಂಪು ಹೋ ಎಂದು ಸ್ವಾಗತಿಸುತ್ತದೆ, ಡ್ಯಾನಿ ಬೆರಗಾಗುತ್ತಾನೆ, ಎಲ್ಲರೂ ಒಂದಾಗಿ ಹಾಡಿ ಪರದೆ ಬೀಳುತ್ತದೆ.

1978ರ ಜೂನ್ ತಿಂಗಳಲ್ಲಿ ಬಿಡುಗಡೆಯಾದ ಚಲನಚಿತ್ರ ಈ ದೃಶ್ಯವನ್ನು ಜಗತ್ತಿನ ಮೂಲೆಮೂಲೆಗೂ ಒಯ್ದಿತು. ರ್‍ಯಾಂಡಲ್ ಕ್ಲೈಸರ್ ಅವರ ನಿರ್ದೇಶನದಲ್ಲಿ ಜಾನ್ ಟ್ರವೋಲ್ಟ ಡ್ಯಾನಿಯಾದರು, ಒಲಿವಿಯ ನ್ಯೂಟನ್ ಜಾನ್ ಸ್ಯಾಂಡಿಯಾದರು. ಆಸ್ಟ್ರೇಲಿಯದಲ್ಲಿ ಬೆಳೆದ ಗಾಯಕಿ ಒಲಿವಿಯ ಅವರಿಗಾಗಿ ಪಾತ್ರದ ಊರನ್ನೇ ಬದಲಿಸಲಾಯಿತು. ನಾಟಕದಲ್ಲಿ ಪೋಲಿಷ್ ಕುಲನಾಮ ಹೊತ್ತು ಸ್ಯಾಂಡಿ ಡಂಬ್ರೌಸ್ಕಿಯಾಗಿದ್ದ ಷಿಕಾಗೋದ ಹುಡುಗಿ ಚಿತ್ರದಲ್ಲಿ ಆಸ್ಟ್ರೇಲಿಯದ ಸ್ಯಾಂಡಿ ಆಲ್ಸನ್ ಆದಳು. ನಾಟಕದಲ್ಲಿ ಇಲ್ಲದ ಹೊಸ ಹಾಡುಗಳು ಸೇರಿಕೊಂಡವು. ಕೊಟ್ಟಿಗೆಯ ರಂಗದಲ್ಲಿ ಷಿಕಾಗೋದ ಬೀದಿ, ಕೆರೆದಂಡೆಗಳ ಹೆಸರು ಹಿಡಿದು ಆಡಿದ್ದ ಒರಟು ನಾಟಕ ನ್ಯೂಯಾರ್ಕಿಗೆ ಬರುವಾಗ ಒಮ್ಮೆ ನಯವಾಗಿತ್ತು. ಚಿತ್ರವಾಗುವಾಗ ಇನ್ನೊಮ್ಮೆ ನಯವಾಯಿತು. ಜನಪ್ರಿಯತೆ ಬೆಳೆದಂತೆಲ್ಲ ಊರಿನ ಗುರುತು ಅಳಿಯಿತು. ಸ್ಯಾಂಡಿಯಂತೆ ಆ ನಾಟಕವೂ ಮೆಚ್ಚುಗೆಗಾಗಿ ವೇಷ ಬದಲಿಸಿತೆನ್ನಬಹುದು. 2011ರಲ್ಲಿ ಷಿಕಾಗೋದ ರಂಗತಂಡವೊಂದು ಅಳಿಸಿಹೋಗಿದ್ದ ಮಾತು, ಹಾಡು, ಊರ ಹೆಸರುಗಳನ್ನು ಹುಡುಕಿ ತೆಗೆದು ಮೂಲದ ರೂಪಕ್ಕೆ ಹತ್ತಿರವಾದ ಪ್ರಯೋಗವನ್ನು ಆಡಿತು.

ಕೊನೆಯ ದೃಶ್ಯದ ಬಗ್ಗೆ ಚರ್ಚೆ ಇಂದಿಗೂ ತಣಿದಿಲ್ಲ. ಹುಡುಗನ ಮೆಚ್ಚುಗೆಗಾಗಿ ಹುಡುಗಿ ತನ್ನತನವನ್ನು ಕಳಚಿ ಹಾಕಬೇಕೆಂದು ಈ ನಾಟಕ ಹೇಳಿಕೊಡುತ್ತದೆ, ಇದು ತಪ್ಪು ಪಾಠ ಎಂಬುದು ಒಂದು ಪಕ್ಷ. ಹಾಗಲ್ಲ, ಕಟ್ಟುಪಾಡಿನ ಹುಡುಗಿ ತನ್ನ ಇಚ್ಛೆಯಿಂದಲೇ ಸಂಕೋಲೆ ಹರಿದುಕೊಂಡಳು, ಅದು ಅವಳ ಬಿಡುಗಡೆ ಎಂಬುದು ಇನ್ನೊಂದು ಪಕ್ಷ. ಚಿತ್ರದಲ್ಲಿ ಡ್ಯಾನಿಯೂ ಅವಳಿಗಾಗಿ ಬದಲಾಗಲು ಯತ್ನಿಸಿ, ಓಟದ ಆಟಗಾರನಾಗಿ, ಶಾಲೆಯ ಗೌರವದ ಬಿಳಿಯ ಸ್ವೆಟರು ತೊಟ್ಟು ಬಂದಿರುತ್ತಾನೆ. ಸ್ಯಾಂಡಿಯ ಹೊಸ ರೂಪ ಕಂಡೊಡನೆ ಅದನ್ನು ತೆಗೆದೆಸೆಯುತ್ತಾನೆ. ಇಬ್ಬರೂ ವೇಷ ಬದಲಿಸಿದರು; ಒಬ್ಬನಿಗೆ ಮಾತ್ರ ಹಿಂದಿರುಗುವ ದಾರಿ ತೆರೆದಿತ್ತು.

ಆ ಕಪ್ಪು ಷರಾಯಿ ಎಷ್ಟು ಬಿಗಿಯಾಗಿತ್ತೆಂದರೆ, ಚಿತ್ರೀಕರಣದ ದಿನಗಳಲ್ಲಿ ಒಲಿವಿಯ ಅವರ ಮೈಮೇಲೆಯೇ ಅದನ್ನು ಹೊಲಿಯಬೇಕಾಗುತ್ತಿತ್ತು. ಇನ್ನೊಬ್ಬರ ಮೆಚ್ಚುಗೆಗಾಗಿ ತೊಟ್ಟ ವೇಷ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಸದಾರಮೆ ಕಳಚಿದ ವೇಷ

ಕನ್ನಡ ರಂಗಭೂಮಿಯ ಪ್ರೇಕ್ಷಕರಿಗೆ ವೇಷ ಬದಲಿಸುವ ನಾಯಕಿ ಹೊಸಬಳಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದು, ಗುಬ್ಬಿ ಕಂಪನಿ ಆಡಿ ನಾಡಿನುದ್ದಕ್ಕೂ ಹೆಸರಾದ ‘ಸದಾರಮೆ’ಯೂ ಹಾಡುಗಳಿಂದಲೇ ತುಂಬಿದ ಪ್ರೇಮಕಥೆ. ರಾಜಕುಮಾರನನ್ನು ಕೈಹಿಡಿದ ವಣಿಕಪುತ್ರಿ ಸದಾರಮೆ ಕಷ್ಟಗಳಲ್ಲಿ ಸಿಲುಕಿ, ಕಳ್ಳನ ಕೈಯಿಂದ ಉಪಾಯವಾಗಿ ಪಾರಾಗಿ, ಗಂಡುವೇಷ ತೊಟ್ಟು ತನ್ನನ್ನು ತಾನು ಕಾಪಾಡಿಕೊಳ್ಳುತ್ತಾಳೆ. ಆ ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ನಗಿಸಿದ್ದು ರಂಗಭೂಮಿಯ ಇತಿಹಾಸದ ಮಾತು. ಕೊನೆಗೆ ಸದಾರಮೆ ವೇಷ ಕಳಚಿ ತನ್ನವರನ್ನು ಸೇರುತ್ತಾಳೆ. ಅವಳಿಗೆ ವೇಷ ಒಂದು ಕೊಡೆ. ಮಳೆ ನಿಂತ ಮೇಲೆ ಮಡಚಿಡುತ್ತಾಳೆ. ಸ್ಯಾಂಡಿಯ ವೇಷ ಹಾಗಲ್ಲ. ಅದನ್ನು ತೊಟ್ಟ ಮೇಲೆ ಪರದೆ ಬಿದ್ದುಹೋಗುತ್ತದೆ. ಮರುದಿನ ಅವಳು ಯಾವ ಉಡುಪಿನಲ್ಲಿ ಎದ್ದಳೆಂದು ನಾಟಕ ಹೇಳುವುದಿಲ್ಲ.

ಹಾಡಿಲ್ಲದೆ ನಾಟಕವಿಲ್ಲ ಎಂಬ ಕಂಪನಿ ನಾಟಕಗಳ ನೆನಪು ಸೂರಗೊಂಡನಕೊಪ್ಪದ ಸೀಮೆಗೂ ಹತ್ತಿರದ್ದು. ದಾವಣಗೆರೆಯ ಕೆ. ಬಿ. ಆರ್. ಡ್ರಾಮಾ ಕಂಪನಿ ಹಳ್ಳಿಯ ಹುಡುಗಿಯರ, ಬಡವರ ಮಕ್ಕಳ ಕಥೆಗಳನ್ನು ಹಾಡು ಹಾಸ್ಯಗಳೊಡನೆ ಊರೂರಿಗೆ ಒಯ್ದಿತು. ಅದರ ನಾಯಕಿ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಿತು. 2010ರಲ್ಲಿ ಅವರು ತೀರಿಕೊಂಡರು. ರಂಗದ ಮೇಲೆ ಹಳ್ಳಿಯ ಹೆಣ್ಣು ತನ್ನ ಉಡುಪಿನಲ್ಲಿಯೇ ನಾಯಕಿಯಾಗಬಲ್ಲಳೆಂದು ಇಂಥ ನಾಟಕಗಳ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಾಡಿಗೆಯ ಫೇಟಿಯಾ

ಲಂಬಾಣಿ ಉಡುಪಿನ ಕಥೆ ರಂಗದ ಹೊರಗಿನದು. ಒಂದು ಕಾಲಕ್ಕೆ ಸಾವಿರಾರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶದ ಉದ್ದಗಲ ತಿರುಗಿದ ಜನ ಅವರು. ರೈಲು ಬಂದ ಮೇಲೆ ಹೇರೆತ್ತಿನ ವ್ಯಾಪಾರ ಮುರಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕೆಳಗೆ ಬ್ರಿಟಿಷರು ಹಲವು ಅಲೆಮಾರಿ ಜನಾಂಗಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಮುದ್ರೆ ಒತ್ತಿದರು; ಕೆಲವು ಪ್ರಾಂತಗಳಲ್ಲಿ ಆ ಪಟ್ಟಿಗೆ ಬಂಜಾರರ ಹೆಸರೂ ಸೇರಿತು. ಸ್ವತಂತ್ರ ಭಾರತ 1952ರಲ್ಲಿ ಆ ಮುದ್ರೆಯನ್ನು ಅಳಿಸಿತು. ಕಾಯಿದೆ ಹೋದರೂ ಸಂಶಯದ ಕಣ್ಣು ಬೇಗನೆ ಹೋಗಲಿಲ್ಲ. ದೂರದಿಂದಲೇ ಗುರುತು ಸಿಗುವ ಉಡುಪು ಸಂತೆಯಲ್ಲಿ, ಬಸ್ಸಿನಲ್ಲಿ, ಕೆಲಸ ಕೇಳುವ ಕಡೆಯಲ್ಲಿ ಹೊರೆಯಾಯಿತು. ಗ್ರೀಸರ್ ಹುಡುಗರು ಹಂಗಿಸಿಕೊಂಡ ಗುರುತನ್ನೇ ಬಿರುದು ಮಾಡಿಕೊಂಡರು. ಹೊಟ್ಟೆಪಾಡಿಗೆ ಗುಳೆ ಹೋಗುವ ತಾಯಂದಿರಿಗೆ ಆ ಗತ್ತು ಸಾಧ್ಯವಿರಲಿಲ್ಲ.

ಉಡುಪು ಹಿಂದೆ ಸರಿಯಲು ಇನ್ನೂ ಸರಳವಾದ ಕಾರಣಗಳಿವೆ. ಫೇಟಿಯಾ ಹೊಲಿಯುವುದು ತಿಂಗಳುಗಳ ಕೆಲಸ. ಕನ್ನಡಿ, ನಾಣ್ಯ, ಸೀಸಗಳ ಭಾರ ಹೊತ್ತು ಕಬ್ಬಿನ ಗದ್ದೆಯಲ್ಲಿ, ಬೆಂಗಳೂರಿನ ಕಟ್ಟಡಗಳ ಅಟ್ಟಣೆಯ ಮೇಲೆ ದುಡಿಯುವುದು ಕಷ್ಟ. ಶಾಲೆಗೆ ಸೇರಿದ ಹುಡುಗಿಗೆ ಸಮವಸ್ತ್ರ ಬಂದಿತು, ಅಕ್ಷರ ಬಂದಿತು. ಇದನ್ನು ನಷ್ಟವೆಂದು ಮಾತ್ರ ಬಗೆಯುವವರು ಆ ಭಾರವನ್ನು ಒಂದು ದಿನವಾದರೂ ಹೊತ್ತು ನೋಡಬೇಕು. ಸ್ಯಾಂಡಿಯ ವಿಷಯದಲ್ಲಿ ಎರಡು ಪಕ್ಷಗಳಿರುವಂತೆ ಇಲ್ಲಿಯೂ ಎರಡು ಪಕ್ಷಗಳುಂಟು. ಕಳಚಿದ್ದು ಸಂಕೋಲೆಯೂ ಹೌದು, ಸೊತ್ತೂ ಹೌದು.

ಮನಸ್ಸಿಗೆ ಚುಚ್ಚುವ ಸಂಗತಿ ಬೇರೊಂದಿದೆ. ನಗರದ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ‘ಲಂಬಾಣಿ ನೃತ್ಯ’ ಇಲ್ಲದಿರುವುದು ಅಪರೂಪ. ಅಮ್ಮಂದಿರು ವೇಷಭೂಷಣದ ಅಂಗಡಿಗೆ ಹೋಗಿ ಒಂದು ದಿನದ ಬಾಡಿಗೆಗೆ ಕನ್ನಡಿಯ ಲಂಗ, ರವಿಕೆ ತರುತ್ತಾರೆ. ಮಗಳಿಗೆ ತೊಡಿಸಿ, ದೃಷ್ಟಿ ತೆಗೆದು, ಛಾಯಾಚಿತ್ರ ತೆಗೆಸುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತ ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ. ಅದೇ ತರಗತಿಯಲ್ಲಿ ತಾಂಡಾದಿಂದ ಬಂದ ಹುಡುಗಿಯೊಬ್ಬಳು ಇದ್ದರೆ ಅವಳು ಏನೆಂದುಕೊಳ್ಳುತ್ತಾಳೆ? ತನ್ನ ಅಜ್ಜಿ ಅದೇ ಉಡುಪಿನಲ್ಲಿ ಶಾಲೆಯ ಬಾಗಿಲಿಗೆ ಬಂದರೆ ಗೆಳತಿಯರು ನಕ್ಕಾರೆಂದು ಅಳುಕುವ ಹುಡುಗಿ, ಗೆಳತಿಯರೇ ಅದನ್ನು ತೊಟ್ಟು ಕುಣಿಯುವುದನ್ನು ನೋಡುತ್ತಾಳೆ. ವೇದಿಕೆಯ ಮೇಲೆ ಮೆಚ್ಚುಗೆ ಪಡೆಯುವ ಉಡುಪು ಬೀದಿಯಲ್ಲಿ ಏಕೆ ಸಂಕೋಚಕ್ಕೆ ಕಾರಣವಾಗಬೇಕು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾಂಡಾದವರಲ್ಲ. ಬಾಡಿಗೆ ತಂದವರು, ಚಪ್ಪಾಳೆ ತಟ್ಟಿದವರು.

ಉಡುಪು ಅಳಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗ��ೋಳಿಕ ಸೂಚಿಯ ಮಾನ್ಯತೆ ದೊರೆತಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಹೊಲಿಗೆ ತಿಳಿದ ಕೈಗಳು ಇನ್ನೂ ಇವೆ. ಆ ಕೈಗಳಿಗೆ ಕೂಲಿಯೂ ಗೌರವವೂ ಸಿಕ್ಕರೆ ಕಲಿಯುವ ಕೈಗಳೂ ಬರುತ್ತವೆ.

ಸೊತ್ತು ಮರಳಿದ ದಿನ

ಸ್ಯಾಂಡಿಯ ಕಪ್ಪು ಉಡುಪಿಗೆ ಕೊನೆಗೆ ಏನಾಯಿತೆಂದು ಓದುಗರಿಗೆ ಕುತೂಹಲವಿರಬಹುದು. ಚಿತ್ರ ಬಿಡುಗಡೆಯಾಗಿ ನಲವತ್ತೊಂದು ವರ್ಷಗಳಾದ ಮೇಲೆ, 2019ರಲ್ಲಿ, ಒಲಿವಿಯ ನ್ಯೂಟನ್ ಜಾನ್ ಅವರು ಆ ಜಾಕೀಟನ್ನೂ ಷರಾಯಿಯನ್ನೂ ಹರಾಜಿಗಿಟ್ಟರು. ಸ್ವತಃ ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು ಹರಾಜಿನ ಹಣದಲ್ಲಿ ಪಾಲನ್ನು ತಮ್ಮ ಹೆಸರಿನ ಕ್ಯಾನ್ಸರ್ ಚಿಕಿತ್ಸಾ ಕೇಂದ್ರಕ್ಕೆ ಕೊಡಬೇಕೆಂದಿದ್ದರು. ಎರಡೂ ಸೇರಿ ನಾಲ್ಕು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಹೋದವು. ಜಾಕೀಟನ್ನು ಕೊಂಡವರು ಕೆಲವು ದಿನಗಳಲ್ಲಿ ಅವರ ಬಳಿಗೆ ಬಂದು, ಅದು ಸೇರಬೇಕಾದುದು ಅವರಿಗೇ ಎಂದು ಮರಳಿ ಒಪ್ಪಿಸಿದರು. 2022ರ ಆಗಸ್ಟ್ 8ರಂದು ಒಲಿವಿಯ ತೀರಿಕೊಂಡರು. ಎಂದೋ ಯಾರದೋ ಮೆಚ್ಚುಗೆಗಾಗಿ ತೊಡಿಸಿದ ವೇಷ, ಕೊನೆಗೊಮ್ಮೆ ಪ್ರೀತಿಯ ಕಾಣಿಕೆಯಾಗಿ ತೊಟ್ಟವಳ ಕೈಗೇ ಬಂದಿತ್ತು.

ಸೂರಗೊಂಡನಕೊಪ್ಪದ ಜಾತ್ರೆ ಮುಗಿದು ಲಾರಿ, ಬಸ್ಸುಗಳು ಹೊರಡುವ ಹೊತ್ತಿಗೆ ಅಜ್ಜಿಯರು ಗಂಟುಮೂಟೆ ಕಟ್ಟುತ್ತಾರೆ. ಮೊಮ್ಮಗಳು ರಂಗದಲ್ಲಿ ತೊಟ್ಟು ಮಡಚಿಟ್ಟ ಫೇಟಿಯಾವೂ ಆ ಗಂಟಿನೊಳಗೆ ಸೇರುತ್ತದೆ. ಮತ್ತೆ ಅದು ಬಿಚ್ಚಿಕೊಳ್ಳುವುದು ಮುಂದಿನ ಶ್ರಾವಣದಲ್ಲಿ, ಗೋಧಿಯ ಬುಟ್ಟಿಗೆ ನೀರೆರೆಯುವ ದಿನವೋ, ಇಲ್ಲವೆ ಮುಂದಿನ ವರ್ಷದ ಇದೇ ಜಾತ್ರೆಯಲ್ಲೋ. ಅಂದು ಹುಡುಗಿ ಅದನ್ನು ತೊಡಲಿ, ಬಿಡಲಿ. ಪುಸ್ತಕದ ಚೀಲ ಹೆಗಲಿಗೇರಿಸಿ ಚೂಡಿದಾರದಲ್ಲಿಯೇ ಹಾಡಲಿ. ಯಾರ ನಗೆಗೂ ಅಂಜದೆ ಅವಳೇ ಆರಿಸಿಕೊಂಡದ್ದಾದರೆ ಅದು ವೇಷವಾಗುವುದಿಲ್ಲ, ಉಡುಪಾಗುತ್ತದೆ.